ಮೈಲಿ: ಒಂದು ಹೆಸರು, ಹಲವು ದೂರ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರದ ಹೆದ್ದಾರಿಗೂ ಬನ್ನೇರುಘಟ್ಟದ ರಸ್ತೆಗೂ ನಡುವೆ, ಅಂಜನಾಪುರವೆಂಬ ಊರುಂಟು. ಒಂದು ಭಾನುವಾರದ ಬೆಳಗ್ಗೆ ಅಲ್ಲಿನ ಕಾಫಿ ಹೋಟಲಿನ ಮುಂದೆ ನಿಂತು, ಇಲ್ಲಿಂದ ಪೇಟೆಗೆ ಎಷ್ಟು ದೂರವೆಂದು ನಾವು ಮೂವರನ್ನು ಕೇಳಿದೆವು. ಜಗಲಿಯ ಮೇಲೆ ಕುಳಿತಿದ್ದ ವೃದ್ಧರಾದ ಒಕ್ಕಲಿಗರೊಬ್ಬರು, “ಒಂಬತ್ತು ಮೈಲಿ ಆಯ್ತದೆ ಸ್ವಾಮಿ” ಎಂದರು. ಪಕ್ಕದಲ್ಲಿದ್ದ ಕಾಲೇಜು ಹುಡುಗನು ಹದಿನೈದು ಕಿಲೋಮೀಟರೆಂದನು. ಮೂರನೆಯವನು ಆಟೋ ನಡೆಸುವವನು. ಅವನು ಕೈಗಡಿಯಾರವನ್ನು ನೋಡಿಕೊಂಡು, “ಈಗಾದ್ರೆ ಮುಕ್ಕಾಲು ಗಂಟೆ ಸಾರ್, ನಾಳೆ ಇದೇ ಹೊತ್ತಿಗಾದ್ರೆ ಒಂದೂವರೆ ಗಂಟೆ” ಎಂದನು. ಮೂವರೂ ಸುಳ್ಳಾಡಲಿಲ್ಲ. ಆದರೆ ಮೂವರ ಉತ್ತರಗಳಲ್ಲಿ ಅತ್ಯಂತ ಪ್ರಾಚೀನವಾದ ಬಗೆ ಯಾವುದೆಂದರೆ ಆಟೋದವನದು. ಮೈಲಿಯು ಹುಟ್ಟುವುದಕ್ಕೆ ಬಹು ಮುಂಚೆಯೇ ಮನುಷ್ಯನು ದೂರವನ್ನು ಹೊತ್ತಿನಿಂದಲೂ ದಣಿವಿನಿಂದಲೂ ಕೂಗಿನಿಂದಲೂ ಅಳೆಯುತ್ತಿದ್ದನು.

ಮೈಲಿಯೆಂಬುದು ಒಂದು ನಿಶ್ಚಿತವಾದ ಅಳತೆಯೆಂದೂ ಅದು ಎಲ್ಲೆಲ್ಲಿಯೂ ಒಂದೇ ಎಂದೂ ನಮ್ಮಲ್ಲಿ ಅನೇಕರ ನಂಬಿಕೆ. ಶಾಲೆಯಲ್ಲಿ ನಾವೂ ಎಂಟು ಫರ್ಲಾಂಗಿಗೆ ಒಂದು ಮೈಲಿ, ಸಾವಿರದ ಏಳುನೂರ ಅರವತ್ತು ಗಜಕ್ಕೆ ಒಂದು ಮೈಲಿ ಎಂದು ಹಿರಿಯರು ಒಪ್ಪಿಸುತ್ತಿದ್ದುದನ್ನು ಕೇಳಿ ಹಾಗೆಯೇ ನಂಬಿದ್ದೆವು. ಈ ವಿಚಿತ್ರವಾದ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಬೇಕೆಂದು ಆಗ ತೋರಲಿಲ್ಲ. ಕೇಳಿದ್ದರೆ ಉತ್ತರ ಹೇಳುವವರು ದೊರೆಯುತ್ತಿದ್ದರೋ ಇಲ್ಲವೋ.

ಹೆಸರು ರೋಮಕರದು. ಅವರ ಭಾಷೆಯಲ್ಲಿ ‘ಮಿಲ್ಲೆ ಪಸ್ಸುಸ್’ ಎಂದರೆ ಸಾವಿರ ಹೆಜ್ಜೆ. ಇಲ್ಲಿ ಹೆಜ್ಜೆಯೆಂದರೆ ನಾವು ಎಣಿಸುವ ಒಂದು ಹೆಜ್ಜೆಯಲ್ಲ. ಬಲಗಾಲನ್ನು ಎತ್ತಿದ ಕ್ಷಣದಿಂದ ಅದೇ ಬಲಗಾಲು ಮತ್ತೆ ನೆಲವನ್ನು ಮುಟ್ಟುವವರೆಗಿನ ಜೋಡಿ ಹೆಜ್ಜೆ. ಅದಕ್ಕೆ ಐದು ರೋಮಕ ಅಡಿಗಳೆಂದು ಲೆಕ್ಕ. ಆದ್ದರಿಂದ ಅವರ ಮೈಲಿಗೆ ಐದು ಸಾವಿರ ಅಡಿ. ಇಂದಿನ ಎಣಿಕೆಯಲ್ಲಿ ಸುಮಾರು ೧೪೮೦ ಮೀಟರು. ಸೈನ್ಯವು ನಡೆಯುತ್ತ ನಡೆಯುತ್ತ ಅಳೆದ ದೂರ ಅದು. ಕ್ರಿ.ಪೂ. ೨೦ರಲ್ಲಿ ಆಗಸ್ಟಸ್ ಚಕ್ರವರ್ತಿಯು ರೋಮ್ ನಗರದ ಚೌಕದಲ್ಲಿ ‘ಬಂಗಾರದ ಮೈಲಿಗಲ್ಲ’ನ್ನು ನಿಲ್ಲಿಸಿದನು. ರಸ್ತೆಯ ಬದಿಯಲ್ಲಿ ಕಲ್ಲು ನೆಟ್ಟು ದೂರವನ್ನು ಕೆತ್ತುವ ಪದ್ಧತಿ ಅವರಿಂದ ಯೂರೋಪಿಗೆಲ್ಲ ಹಬ್ಬಿತು.

ಸಾಮ್ರಾಜ್ಯವು ಮುರಿದುಬಿದ್ದ ಮೇಲೆ ಹೆಸರು ಉಳಿಯಿತು, ಅಳತೆ ಉಳಿಯಲಿಲ್ಲ. ಒಂದೊಂದು ನಾಡೂ ತನಗೆ ಬೇಕಾದಂತೆ ಮೈಲಿಯನ್ನು ಹಿಗ್ಗಿಸಿಕೊಂಡಿತು. ಸ್ಕಾಟ್ಲೆಂಡಿನ ಮೈಲಿಗೆ ಸುಮಾರು ೧೯೭೬ ಗಜ. ಐರ್ಲೆಂಡಿನದಕ್ಕೆ ೨೨೪೦ ಗಜ. ಅಲ್ಲಿ ನೆಲ ಅಳೆಯುವ ಕೋಲು ಐದೂವರೆ ಗಜದ್ದಾಗಿರದೆ ಏಳು ಗಜದ್ದಾಗಿತ್ತು, ಕೋಲು ಉದ್ದವಾದಷ್ಟೂ ಮೈಲಿ ಉದ್ದವಾಯಿತು. ಜರ್ಮನರ ಮೈಲಿ ಏಳೂವರೆ ಕಿಲೋಮೀಟರಿನ ಹತ್ತಿರ ಬರುತ್ತದೆ. ಸ್ವೀಡನ್ ದೇಶದ ಹಳೆಯ ಮೈಲಿ ಹತ್ತೂವರೆ ಕಿಲೋಮೀಟರಿಗೂ ಮಿಕ್ಕದ್ದು. ಅವರು ಮೀಟರಿನ ಪದ್ಧತಿಯನ್ನು ಸ್ವೀಕರಿಸಿದಾಗ ಮೈಲಿಯನ್ನು ಬಿಡಲಾರದೆ, ಸರಿಯಾಗಿ ಹತ್ತು ಕಿಲೋಮೀಟರಿಗೆ ಒಂದು ಮೈಲಿಯೆಂದು ತಿದ್ದಿಕೊಂಡರು; ಇಂದಿಗೂ ಅವರ ಮಾತಿನಲ್ಲಿ ಅದು ಬಳಕೆಯಲ್ಲಿದೆ. ಸ್ವೀಡನ್ನಿನ ಅತಿಥೇಯನು “ನಮ್ಮ ಮನೆ ಇಲ್ಲಿಂದ ಎರಡೇ ಮೈಲಿ” ಎಂದನೆಂದು ನಮ್ಮವರಾರಾದರೂ ನಡೆದು ಹೊರಟರೆ, ಅವರು ಮನೆ ಮುಟ್ಟುವ ವೇಳೆಗೆ ಊಟದ ಹೊತ್ತು ಮೀರಿರುತ್ತದೆ.

ಇಂಗ್ಲೆಂಡಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ನಮ್ಮ ದೇಶಕ್ಕೆ ಬಂದದ್ದು ಆ ಮೈಲಿ. ಅಲ್ಲಿ ರಸ್ತೆಯ ಅಳತೆ ಒಂದು, ಹೊಲದ ಅಳತೆ ಮತ್ತೊಂದು. ಲಂಡನ್ನಿನಲ್ಲಿ ಐದು ಸಾವಿರ ಅಡಿಯ ಮೈಲಿಯೂ ಬಳಕೆಯಲ್ಲಿತ್ತು. ಹೊಲದಲ್ಲಿಯಾದರೋ ಫರ್ಲಾಂಗೇ ಪ್ರಧಾನ. ಫರ್ಲಾಂಗೆಂದರೆ ನೇಗಿಲ ಸಾಲಿನ ಉದ್ದವೆಂದು ಅರ್ಥ: ಎತ್ತುಗಳು ಮಧ್ಯೆ ನಿಲ್ಲದೆ ಒಂದೇ ಉಸಿರಿನಲ್ಲಿ ಎಳೆಯಬಲ್ಲ ಸಾಲು, ೬೬೦ ಅಡಿ. ಈ ಎರಡನ್ನೂ ಹೊಂದಿಸಬೇಕಾದಾಗ ಐದು ಸಾವಿರ ಅಡಿಯ ಮೈಲಿಯೊಳಗೆ ಫರ್ಲಾಂಗುಗಳು ಸರಿಯಾಗಿ ಕೂಡಲಿಲ್ಲ. ಫರ್ಲಾಂಗನ್ನು ಮೊಟಕುಮಾಡಬಹುದಾಗಿತ್ತು. ಆದರೆ ದೇಶದ ಜಮೀನಿನ ಪತ್ರಗಳೆಲ್ಲವೂ ಕಂದಾಯವೆಲ್ಲವೂ ಆ ಕೋಲಿನ ಮೇಲೆ ನಿಂತಿದ್ದವು. ಅದನ್ನು ಮುಟ್ಟಿದರೆ ಪ್ರತಿಯೊಬ್ಬನ ಹೊಲದ ಎಲ್ಲೆಯೂ ಅಲುಗಾಡುತ್ತಿತ್ತು. ಆದಕಾರಣ ರಸ್ತೆಯೇ ಹೊಲಕ್ಕೆ ತಲೆಬಾಗಿತು. ಎಂಟು ಫರ್ಲಾಂಗಿಗೆ ಒಂದು ಮೈಲಿಯೆಂದಾಗಿ, ಮೈಲಿಗೆ ೫೨೮೦ ಅಡಿ ಬಂತು.

ಇದನ್ನು ಶಾಸನವಾಗಿ ನುಡಿದದ್ದು ಎಲಿಜಬೆತ್ ರಾಣಿಯ ಕಾಲದಲ್ಲಿ, ೧೫೯೩ರಲ್ಲಿ. ಆ ಶಾಸನದ ಉದ್ದೇಶ ಏನಾಗಿತ್ತೆಂಬುದು ನಮಗೆ ಬಹಳ ಸ್ವಾರಸ್ಯವಾಗಿ ತೋರುತ್ತದೆ. ಅದು ಅಳತೆಯ ಕಾನೂನಲ್ಲ, ಕಟ್ಟಡದ ಕಾನೂನು. ಲಂಡನ್ ನಗರವು ಮಿತಿಯಿಲ್ಲದೆ ಬೆಳೆದು ಸುತ್ತಲಿನ ಹೊಲ ತೋಟಗಳನ್ನು ನುಂಗುತ್ತಿದೆಯೆಂದು ಹೆದರಿ, ನಗರದ ಬಾಗಿಲುಗಳಿಂದ ಮೂರು ಮೈಲಿಯೊಳಗೆ ಹೊಸ ಮನೆ ಕಟ್ಟಕೂಡದೆಂದು ನಿಷೇಧಿಸಿದರು. ಕೂಡದೆಂದ ಕೂಡಲೇ, ‘ಯಾವ ಮೈಲಿ?’ ಎಂಬ ಪ್ರಶ್ನೆ ಏಳುತ್ತದಷ್ಟೆ. ಐದು ಸಾವಿರ ಅಡಿಯ ಮೈಲಿಯನ್ನು ಹಿಡಿದವನು ಎಂಟುನೂರ ನಲವತ್ತು ಅಡಿ ಈಚೆಗೆ ಬಂದು ಮನೆ ಕಟ್ಟಿಬಿಡಬಹುದು. ಆದ್ದರಿಂದ ಎಂಟು ಫರ್ಲಾಂಗು, ಫರ್ಲಾಂಗಿಗೆ ನಲವತ್ತು ಕೋಲು, ಕೋಲಿಗೆ ಹದಿನಾರೂವರೆ ಅಡಿ ಎಂದು ಅದರಲ್ಲಿಯೇ ಬರೆದರು. ನಗರದ ಬೆಳವಣಿಗೆ ನಿಲ್ಲಲಿಲ್ಲ. ಮೈಲಿ ಮಾತ್ರ ನಿಂತಿತು.

೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚಿತವಾಗಿ ಸುತ್ತಲಿನ ನೂರಕ್ಕೂ ಮಿಕ್ಕ ಹಳ್ಳಿಗಳು ನಗರದೊಳಕ್ಕೆ ಬಂದಾಗ, ಅಂಜನಾಪುರದಂಥ ಊರುಗಳಲ್ಲಿ ನೇಗಿಲ ಸಾಲಿನ ಮೇಲೆ ನಿವೇಶನದ ಕಲ್ಲುಗಳು ಆಗಲೇ ನೆಡಲ್ಪಟ್ಟಿದ್ದವು. ಈ ಊರಿನ ವಿಚಾರಕ್ಕೆ ಮತ್ತೆ ಬರುತ್ತೇವೆ.

ಇನ್ನು ನಮ್ಮ ದೇಶದ ಅಳತೆಗಳನ್ನು ನೋಡೋಣ. ಸಂಸ್ಕೃತದಲ್ಲಿ ಕ್ರೋಶವೆಂದರೆ ಮೂಲತಃ ಕೂಗು. ಕೂಗಿದರೆ ಕೇಳಿಸುವಷ್ಟು ದೂರವೇ ಕ್ರೋಶ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗೋರುತವೆಂಬ ಹೆಸರುಂಟು. ಹಸುವಿನ ಕೂಗೆಂದು ಅದರ ಅರ್ಥ. (ಆ ಮಹಾಗ್ರಂಥವು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿಯೇ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು ೧೯೦೯ರಲ್ಲಿ ಅಚ್ಚಾಯಿತೆಂಬುದನ್ನು ನೆನೆದರೆ ನಮಗೆ ಅಭಿಮಾನವುಂಟಾಗುವುದು ಸಹಜ.) ನಾಲ್ಕು ಗೋರುತಕ್ಕೆ ಒಂದು ಯೋಜನ. ಕನ್ನಡದಲ್ಲಿ ಈಗಲೂ ನಾವು ‘ಕೂಗಳತೆಯ ದೂರ’ ಎನ್ನುವುದಿಲ್ಲವೆ? ಸಂಸ್ಕೃತವನ್ನು ಒಂದಕ್ಷರವೂ ಓದದ ರೈತನು ಕ್ರೋಶವನ್ನು ತನ್ನ ಮಾತಿನಲ್ಲಿ ಉಳಿಸಿಕೊಂಡು ಬಂದಿದ್ದಾನೆ. ವ್ಯತ್ಯಾಸವಿಷ್ಟೆ: ಅವನ ಕೂಗಳತೆ ಬಹಳ ಹತ್ತಿರದ್ದು, ಶಾಸ್ತ್ರಕಾರರ ಕ್ರೋಶ ಬಹಳ ದೂರದ್ದು. ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ ನಾಲ್ಕು ಹಸ್ತಕ್ಕೆ ಒಂದು ದಂಡ, ಎರಡು ಸಾವಿರ ದಂಡಕ್ಕೆ ಒಂದು ಕ್ರೋಶವೆಂದು ಹೇಳುತ್ತಾರೆ. ಹಸ್ತವನ್ನು ಒಂದೂವರೆ ಅಡಿಯೆಂದಿಟ್ಟುಕೊಂಡರೆ ಅದು ಹನ್ನೆರಡು ಸಾವಿರ ಅಡಿ, ಎಂದರೆ ಎರಡೂಕಾಲು ಮೈಲಿಗೂ ತುಸು ಹೆಚ್ಚು. ಅಷ್ಟು ದೂರ ಕೇಳಿಸುವ ಹಾಗೆ ಕೂಗುವ ಹಸುವನ್ನು ನಾವು ಕಂಡಿಲ್ಲ.

ಯೋಜನದ ತೊಡಕು ಇದಕ್ಕಿಂತ ದೊಡ್ಡದು. ಲೀಲಾವತಿಯ ಲೆಕ್ಕದಂತೆ ಯೋಜನವು ಒಂಬತ್ತು ಮೈಲಿಯಾಗುತ್ತದೆ. ಆದರೆ ಭೂಮಿಯ ವ್ಯಾಸವನ್ನು ಆರ್ಯಭಟನು ೧೦೫೦ ಯೋಜನವೆಂದನು. ಸೂರ್ಯಸಿದ್ಧಾಂತವು ೧೬೦೦ ಎಂದಿತು. ಭಾಸ್ಕರಾಚಾರ್ಯರು ೧೫೮೧ ಎಂದರು. ಭೂಮಿಯು ಆ ನಡುವೆ ಉಬ್ಬಲಿಲ್ಲವಷ್ಟೆ. ನಿಜವಾದ ವ್ಯಾಸ ಸುಮಾರು ೭೯೧೮ ಮೈಲಿ. ಅದರಿಂದ ಭಾಗಿಸಿ ನೋಡಿದರೆ ಆರ್ಯಭಟನ ಯೋಜನಕ್ಕೆ ಏಳೂವರೆ ಮೈಲಿ, ಸೂರ್ಯಸಿದ್ಧಾಂತದ ಯೋಜನಕ್ಕೆ ಐದು ಮೈಲಿ ಬರುತ್ತದೆ. ಹೀಗೆ ನೋಡಿದಾಗ ಒಬ್ಬರೇ ಆಚಾರ್ಯರ ಎರಡು ಗ್ರಂಥಗಳಲ್ಲಿಯೇ ಯೋಜನವು ಐದು ಮೈಲಿಯೂ ಆಗುತ್ತದೆ, ಒಂಬತ್ತು ಮೈಲಿಯೂ ಆಗುತ್ತದೆ. ‘ನಮ್ಮ ಪೂರ್ವಿಕರು ಭೂಮಿಯ ಗಾತ್ರವನ್ನು ಚಾಚೂ ತಪ್ಪದೆ ಹೇಳಿದ್ದರು’ ಎಂದು ಉತ್ಸಾಹದಿಂದ ಬರೆಯುವವರೂ, ‘ಎಲ್ಲವೂ ಕಲ್ಪನೆ’ ಎಂದು ಉದಾಸೀನದಿಂದ ತಳ್ಳಿಬಿಡುವವರೂ, ತಮಗೆ ಅನುಕೂಲವಾದ ಯೋಜನವನ್ನು ಆರಿಸಿಕೊಂಡು ವಾದಮಾಡುತ್ತಾರೆ. ಇಬ್ಬರಲ್ಲಿಯೂ ನಮಗೆ ವಿಶ್ವಾಸವಿಲ್ಲ.

ಏಳನೆಯ ಶತಮಾನದಲ್ಲಿ ಭರತಖಂಡವನ್ನು ಸುತ್ತಿದ ಚೀಣಾದೇಶದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಈ ತೊಡಕನ್ನು ಕಂಡಿದ್ದನು. ಯೋಜನವೆಂದರೆ ರಾಜನ ಸೈನ್ಯವು ಒಂದು ದಿನ ನಡೆಯುವಷ್ಟು ದೂರವೆಂದು ಅವನು ವಿವರಿಸುತ್ತಾನೆ. ತನ್ನ ನಾಡಿನ ಲೀ ಎಂಬ ಅಳತೆಯಲ್ಲಿ ಅದು ಹಿಂದಿನವರ ಲೆಕ್ಕಕ್ಕೆ ನಲವತ್ತು, ಇಲ್ಲಿನ ರಾಜ್ಯಗಳ ಬಳಕೆಗೆ ಮೂವತ್ತು, ಧರ್ಮಗ್ರಂಥಗಳಲ್ಲಿ ಹದಿನಾರು ಎಂದು ಮೂರು ಲೆಕ್ಕಗಳನ್ನು ಕೊಡುತ್ತಾನೆ. ಅವನ ಪ್ರವಾಸದ ಪುಸ್ತಕವನ್ನು ಹಿಡಿದುಕೊಂಡು ಹಳೆಯ ಊರುಗಳ ಜಾಗವನ್ನು ಹುಡುಕುವ ವಿದ್ವಾಂಸರಿಗೆ ಇದು ಎಷ್ಟು ಕಷ್ಟವನ್ನು ತಂದಿರಬೇಕೆಂಬುದನ್ನು ಊಹಿಸಬಹುದು. ಅಶೋಕನ ಶಾಸನವೊಂದರಲ್ಲಿಯೂ ಇಂಥದೇ ಒಂದು ಗಂಟುಂಟು. ರಸ್ತೆಯುದ್ದಕ್ಕೂ ಬಾವಿ ತೋಡಿಸಿ ತಂಗುಮನೆಗಳನ್ನು ಕಟ್ಟಿಸಿದೆನೆಂದು ಅವನು ತನ್ನ ಏಳನೆಯ ಸ್ತಂಭಶಾಸನದಲ್ಲಿ ಹೇಳುತ್ತಾನೆ. ಅದು ಎಂಟು ಕ್ರೋಶಕ್ಕೊಂದೋ ಅರ್ಧ ಕ್ರೋಶಕ್ಕೊಂದೋ ಎಂದು ಪಂಡಿತರಲ್ಲಿ ವಿವಾದ. ಅಲ್ಲಿರುವ ಪ್ರಾಕೃತ ಪದವನ್ನು ಎರಡು ಬಗೆಯಾಗಿಯೂ ಬಿಡಿಸಬಹುದು. ಬಿಸಿಲಿನಲ್ಲಿ ನಡೆದುಬರುವ ದಾರಿಗನಿಗೆ ಈ ಎರಡರ ಅಂತರ ಅಲ್ಪವಾದುದಲ್ಲ.

ಕನ್ನಡ ನಾಡಿನ ಸ್ವಂತ ಅಳತೆಗಳು ಹರದಾರಿ ಮತ್ತು ಗಾವುದ. ಹರದಾರಿಗೆ ಮೂರು ಮೈಲಿ, ನಾಲ್ಕು ಹರದಾರಿಗೆ ಒಂದು ಗಾವುದ, ಆದ್ದರಿಂದ ಗಾವುದಕ್ಕೆ ಹನ್ನೆರಡು ಮೈಲಿ ಎಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ಗಾವುದವೆಂಬ ಮಾತು ಸಂಸ್ಕೃತದ ಗವ್ಯೂತಿಯಿಂದ ಬಂದದ್ದು. ವೇದದಲ್ಲಿ ಗವ್ಯೂತಿಯೆಂದರೆ ದನ ಮೇಯುವ ಹುಲ್ಲುಗಾವಲು. ಆಮೇಲೆ ಅದೇ ಮಾತು ಎರಡು ಕ್ರೋಶದ ದೂರಕ್ಕೆ ಹೆಸರಾಯಿತು. ಕನ್ನಡಕ್ಕೆ ಬಂದು ಒಂದು ಹಗಲಿನ ಪಯಣವಾಗಿ ಬೆಳೆಯಿತು. ದನಗಳು ಮೇಯುತ್ತ ಮೇಯುತ್ತ ಬಹಳ ದೂರ ಹೋಗಿಬಿಟ್ಟವೆನ್ನಬೇಕು! ನೆಲವನ್ನು ಅಳೆಯುವ ಕೋಲಾದ ಗಳೆಯೂ ಊರಿಗೊಂದು ಬಗೆಯಾಗಿತ್ತು. ದಾನಶಾಸನಗಳಲ್ಲಿ ಭೂಮಿಯನ್ನು ಇಂಥ ಗಳೆಯಲ್ಲಿ ಅಳೆದು ಕೊಟ್ಟಿತೆಂದು ಹೆಸರಿಟ್ಟು ಹೇಳುವುದಕ್ಕೆ ಅದೇ ಕಾರಣ. ಬಳ್ಳಿಗಾವೆಯಲ್ಲಿ ೧೦೪೭ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವನ್ನು ನೋಡಿದವರು ಭೇರುಂಡಗಳೆಯೆಂಬ ಅಳತೆಯ ಹೆಸರನ್ನೂ ಕೇಳಿರಬಹುದು. ಹೆಸರನ್ನು ಬರೆಯದೆ ಬರಿಯ ಸಂಖ್ಯೆಯನ್ನು ಬರೆದರೆ ದಾನ ಪಡೆದವನ ಮೊಮ್ಮಗನು ಅರ್ಧ ಹೊಲವನ್ನು ಕಳೆದುಕೊಳ್ಳುತ್ತಿದ್ದನು.

ಇಷ್ಟು ಗೊಂದಲವಿದ್ದ ನಾಡಿನಲ್ಲಿ ಇಂಗ್ಲಿಷ್ ಮೈಲಿಯು ಹೇಗೆ ಬೇರೂರಿತೆಂಬ ಕಥೆ ಬೆಂಗಳೂರಿನಲ್ಲಿಯೇ ಮೊದಲಾಗುತ್ತದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ದಕ್ಷಿಣದ ಪರ್ಯಾಯದ್ವೀಪವನ್ನು ತ್ರಿಕೋಣಗಳಿಂದ ಅಳೆಯುವ ಯೋಜನೆಯನ್ನು ಸರ್ಕಾರದ ಮುಂದಿಟ್ಟನು. ಒಂದು ಗೆರೆಯನ್ನು ಮಾತ್ರ ನೆಲದ ಮೇಲೆ ಅತ್ಯಂತ ಎಚ್ಚರಿಕೆಯಿಂದ ಅಳೆದುಬಿಟ್ಟರೆ, ಉಳಿದ ದೂರಗಳನ್ನೆಲ್ಲ ಬೆಟ್ಟದ ತುದಿಯಿಂದ ಬೆಟ್ಟದ ತುದಿಗೆ ಕೋಣಗಳನ್ನು ನೋಡಿ ಗಣಿತದಿಂದ ಪಡೆಯಬಹುದೆಂಬುದು ಅದರ ತತ್ತ್ವ. ೧೮೦೦ರ ಕೊನೆಯಲ್ಲಿ ಬೆಂಗಳೂರಿನ ಬಯಲಿನಲ್ಲಿ ಅವನು ಏಳು ಮೈಲಿಗಿಂತ ಉದ್ದವಾದ ಇಂಥ ಒಂದು ಗೆರೆಯನ್ನು ಅಳೆದನು. ಅವನ ಸಾಧನವು ನೂರು ಅಡಿಯ ಉಕ್ಕಿನ ಸರಪಣಿ. ಚೀಣಾ ಚಕ್ರವರ್ತಿಗೆ ಕಾಣಿಕೆಯಾಗಿ ಹೋದ ಸಾಮಗ್ರಿಗಳ ಜೊತೆಯಲ್ಲಿದ್ದು, ಅಲ್ಲಿ ಯಾರಿಗೂ ಬೇಡವಾಗಿ ಕಲ್ಕತ್ತೆಗೆ ಬಂದು ಸೇರಿದ್ದ ಸರಪಣಿ ಅದು. ಬಿಸಿಲೇರಿದರೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಸರಪಣಿಯನ್ನು ಮರದ ದೋಣಿಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಪ್ರತಿಯೊಂದು ಸಲವೂ ತಿದ್ದುಪಡಿಯನ್ನು ಲೆಕ್ಕಹಾಕಬೇಕಾಗಿತ್ತು.

೧೮೦೨ರಲ್ಲಿ ಮದರಾಸಿನ ಬಳಿ ಉತ್ತಮವಾದ ಉಪಕರಣಗಳಿಂದ ಅವನು ಹೊಸದಾಗಿ ಕೆಲಸವನ್ನು ಆರಂಭಿಸಿ, ತ್ರಿಕೋಣಗಳ ಸಾಲನ್ನು ಪಶ್ಚಿಮಕ್ಕೆ ಎಳೆದುಕೊಂಡು ಬಂದನು. ೧೮೦೪ರಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಗೆರೆಯನ್ನು ಸರಪಣಿಯಿಂದ ಅಳೆದು ಪರೀಕ್ಷಿಸಿದರು. ಮದರಾಸಿನಿಂದ ಗಣಿತದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ, ಏಳು ಮೈಲಿಯಲ್ಲಿ, ನಾಲ್ಕು ಇಂಚಿನಷ್ಟೂ ವ್ಯತ್ಯಾಸವಿರಲಿಲ್ಲ. ಇಂಥ ನಿಖರತೆ ಏತಕ್ಕೆಂದು ಆಗಿನ ಕೆಲವು ಅಧಿಕಾರಿಗಳೇ ಮೂಗುಮುರಿದರು. ಅದಕ್ಕೆ ಉತ್ತರವು ಮಂಗಳೂರಿನಲ್ಲಿ ದೊರಕಿತು. ಮದರಾಸಿನಿಂದ ಮಂಗಳೂರಿಗೆ ನಾನೂರು ಮೈಲಿಯೆಂದು ಅದುವರೆಗಿನ ಒಳ್ಳೆಯ ನಕ್ಷೆಗಳು ತೋರಿಸುತ್ತಿದ್ದವು. ಅಳೆದು ನೋಡಿದಾಗ ಅದು ಮುನ್ನೂರ ಅರವತ್ತೇ ಆಯಿತು. ಮೈಸೂರು ಸೀಮೆಯೂ ಅದರ ಇಕ್ಕೆಲದ ನಾಡುಗಳೂ ಸೇರಿ ಕಾಗದದ ಮೇಲೆ ನಲವತ್ತು ಮೈಲಿ ಕುಗ್ಗಿದವು. ಪಯಣದ ದಿನಗಳನ್ನೂ ಘಟ್ಟದ ಸುತ್ತುಬಳಸನ್ನೂ ಮೈಲಿಯೆಂದು ಎಣಿಸಿದ್ದರ ಫಲವದು.

ಮೈಲಿಯ ತಪ್ಪು ಲೆಕ್ಕದಿಂದಲೇ ಒಂದು ಖಂಡವು ಕಾಣಿಸಿಕೊಂಡದ್ದೂ ಉಂಟು. ಒಂಬತ್ತನೆಯ ಶತಮಾನದ ಜ್ಯೋತಿಷಿ ಅಲ್‌ಫರ್ಗಾನಿಯು ಭೂಮಿಯ ಒಂದು ಅಂಶಕ್ಕೆ ಐವತ್ತಾರು ಮೈಲಿ ಮತ್ತು ಮೂರರಲ್ಲಿ ಎರಡು ಪಾಲೆಂದು ಬರೆದಿದ್ದನು. ಅದು ಅರಬ್ಬರ ದೊಡ್ಡ ಮೈಲಿ. ಕೊಲಂಬಸನು ಅದನ್ನು ಇಟಲಿಯ ಚಿಕ್ಕ ಮೈಲಿಯೆಂದು ತಿಳಿದನು. ಭೂಮಿಯು ಅವನ ಲೆಕ್ಕದಲ್ಲಿ ಸುಮಾರು ಕಾಲು ಭಾಗ ಕಿರಿದಾಯಿತು. ಪಶ್ಚಿಮಕ್ಕೆ ಹೋದರೆ ಹಿಂದೂದೇಶ ಹತ್ತಿರವೇ ಇದೆಯೆಂದು ೧೪೯೨ರಲ್ಲಿ ಹಡಗೇರಿದನು. ನಡುವೆ ಅಮೆರಿಕವು ಅಡ್ಡ ಬಾರದಿದ್ದರೆ ನೀರೂ ಆಹಾರವೂ ಮುಗಿದು ಎಲ್ಲರೂ ಸಾಯುತ್ತಿದ್ದರು.

ಸಮುದ್ರದ ಮಾತು ಬಂದುದರಿಂದ ನಾವಿಕ ಮೈಲಿಯನ್ನೂ ಹೇಳಿಬಿಡಬೇಕು. ಅದಕ್ಕೂ ನೆಲದ ಮೈಲಿಗೂ ಹೆಸರಿನ ಹೊರತು ನಂಟಿಲ್ಲ. ಅದು ಹೆಜ್ಜೆಯಿಂದಲೂ ಹುಟ್ಟಿದ್ದಲ್ಲ, ನೇಗಿಲ ಸಾಲಿನಿಂದಲೂ ಹುಟ್ಟಿದ್ದಲ್ಲ. ಭೂಮಿಯ ಸುತ್ತಳತೆಯಿಂದ ಹುಟ್ಟಿದ್ದು. ಅಕ್ಷಾಂಶದ ಒಂದು ಅಂಶದಲ್ಲಿ ಅರವತ್ತು ಕಲೆಗಳಷ್ಟೆ. ಒಂದು ಕಲೆಯಷ್ಟು ದೂರವೇ ನಾವಿಕ ಮೈಲಿ. ನಕ್ಷತ್ರವನ್ನು ನೋಡಿ ದಾರಿ ಹಿಡಿಯುವವನಿಗೆ ಇದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ. ಆದರೆ ಭೂಮಿಯು ಪೂರ್ಣವಾದ ಗೋಳವಲ್ಲವಾದ್ದರಿಂದ ಈ ಕಲೆಯೂ ಎಲ್ಲೆಡೆ ಒಂದೇ ಅಲ್ಲ: ಭೂಮಧ್ಯರೇಖೆಯಲ್ಲಿ ೬೦೪೬ ಅಡಿ, ಧ್ರುವದಲ್ಲಿ ೬೧೦೮ ಅಡಿ. ೧೯೨೯ರಲ್ಲಿ ಮೊನಾಕೊ ಎಂಬಲ್ಲಿ ಸೇರಿದ ಅಂತರರಾಷ್ಟ್ರೀಯ ಸಭೆಯು ಇದನ್ನು ೧೮೫೨ ಮೀಟರೆಂದು ಗೊತ್ತುಮಾಡಿತು. ನೆಲದ ಮೈಲಿಯಾದರೋ ೧೯೫೯ರ ಒಪ್ಪಂದದಿಂದ ೧೬೦೯.೩೪೪ ಮೀಟರಾಗಿದೆ.

ಇದರಿಂದ ಆಗುವುದೇನೆಂದು ಕೇಳಬಹುದು. ನಮ್ಮ ಪತ್ರಿಕೆಗಳಲ್ಲಿ ಭಾರತದ ಜಲಸೀಮೆಯು ಕರಾವಳಿಯಿಂದ ಹನ್ನೆರಡು ಮೈಲಿಯೆಂದು ಆಗಾಗ ಅಚ್ಚಾಗುತ್ತದೆ. ಅದು ಹನ್ನೆರಡು ನಾವಿಕ ಮೈಲಿ. ಎಂದರೆ ಇಪ್ಪತ್ತೆರಡು ಕಿಲೋಮೀಟರಿಗೆ ತುಸು ಹೆಚ್ಚು. ಬರಿಯ ಮೈಲಿಯೆಂದು ತಿಳಿದು ಲೆಕ್ಕಹಾಕಿದರೆ ಹತ್ತೊಂಬತ್ತು ಕಿಲೋಮೀಟರಿಗೇ ಸೀಮೆ ಮುಗಿಯುತ್ತದೆ. ಸೀಮೆಯ ಒಳಗಿನ ಮೀನುಗಾರಿಕೆಯು ರಾಜ್ಯದ ಅಧಿಕಾರಕ್ಕೆ ಸೇರಿದ್ದು, ಹೊರಗಿನದು ಕೇಂದ್ರದ್ದು. ಮಲ್ಪೆಯಿಂದಲೋ ಮಂಗಳೂರಿನಿಂದಲೋ ದೋಣಿ ಬಿಡುವವನಿಗೆ ಈ ಮೂರು ಕಿಲೋಮೀಟರಿನ ನೀರು ಯಾವ ಕಾನೂನಿನ ನೀರೆಂಬುದು ಹೊಟ್ಟೆಪಾಡಿನ ಪ್ರಶ್ನೆ. ‘ನಾವಿಕ’ ಎಂಬ ಮೂರಕ್ಷರವನ್ನು ಅಲಕ್ಷ್ಯದಿಂದ ಬಿಟ್ಟುಬಿಡುವ ಅನುವಾದಕರು ಇದನ್ನು ನೆನಪಿನಲ್ಲಿಡಬೇಕೆಂದು ನಮ್ಮ ಕೋರಿಕೆ.

ಈಗ ಅಂಜನಾಪುರಕ್ಕೆ ಹಿಂದಿರುಗೋಣ. ನಮ್ಮ ದೇಶದಲ್ಲಿ ೧೯೫೬ರ ಕಾಯಿದೆಯಿಂದ ಮೀಟರಿನ ಪದ್ಧತಿ ಬಂದು, ೧೯೬೨ರ ಏಪ್ರಿಲಿನಿಂದ ಕಡ್ಡಾಯವಾಯಿತು. ರಸ್ತೆಯ ಮೈಲಿಗಲ್ಲುಗಳ ಜಾಗದಲ್ಲಿ ಕಿಲೋಮೀಟರಿನ ಕಲ್ಲುಗಳು ಬಂದವು. ಜನರು ಅವನ್ನೂ ಮೈಲಿಗಲ್ಲೆಂದೇ ಕರೆಯುತ್ತಾರೆ. ಲೀಟರಿಗೆ ಎಷ್ಟು ಕಿಲೋಮೀಟರು ಓಡುತ್ತದೆಂಬುದಕ್ಕೆ ‘ಮೈಲೇಜು’ ಎನ್ನುತ್ತಾರೆ. ಇವು ಮಾತಿನ ಹಳೆಯ ರೂಢಿಗಳು, ಇರಲಿ. ಆದರೆ ಮೈಲಿಯು ಮಾತಿನಲ್ಲಿ ಮಾತ್ರವಲ್ಲದೆ ನಮ್ಮ ನೆಲದ ಒಳಗೇ ಹೂತುಕೊಂಡಿದೆಯೆಂಬುದನ್ನು ಬಲ್ಲವರು ಕಡಮೆ. ೧೮೬೩ರಲ್ಲಿ ಮೈಸೂರು ಸೀಮೆಯಲ್ಲಿ ಕಂದಾಯದ ಸರ್ವೆಯು ಆರಂಭವಾಯಿತು. ಮೂವತ್ತಮೂರು ಅಡಿಯ ಸರಪಣಿ, ಅದಕ್ಕೆ ರೂಪಾಯಿಯಂತೆಯೇ ಹದಿನಾರು ಆಣೆ. ಸರಪಣಿಯಷ್ಟು ಉದ್ದ, ಸರಪಣಿಯಷ್ಟು ಅಗಲವಾದ ನೆಲವೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಇಂಥ ನೂರ ಅರವತ್ತು ಸರಪಣಿಗಳನ್ನು ಸಾಲಾಗಿ ಹಾಸಿದರೆ ಸರಿಯಾಗಿ ಒಂದು ಮೈಲಿ. ಹೀಗೆ ಇಂಗ್ಲೆಂಡಿನ ಎತ್ತುಗಳ ನೇಗಿಲ ಸಾಲು ನಮ್ಮ ಗುಂಟೆಯೊಳಗೆ ಬಂದು ಕುಳಿತಿದೆ. ಪಹಣಿಯಲ್ಲಿ ಇಂದಿಗೂ ಎಕರೆ ಗುಂಟೆಗಳೇ ಬರೆಯಲ್ಪಡುತ್ತವೆ.

ಅಂಜನಾಪುರದ ಹೊಲಗಳು ಬಡಾವಣೆಯಾದಾಗ ನಿವೇಶನಗಳು ಅಡಿಯ ಲೆಕ್ಕದಲ್ಲಿ ವಿಂಗಡವಾದವು. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನವು ಒಂದು ಗುಂಟೆಗಿಂತ ಹತ್ತರಲ್ಲೊಂದು ಪಾಲು ಹೆಚ್ಚು. ನಮ್ಮ ಸಹೋದ್ಯೋಗಿಯೊಬ್ಬರು ಆ ಕಡೆ ಇಂಥದೊಂದು ನಿವೇಶನವನ್ನು ಕೊಂಡರು. ಪತ್ರವನ್ನು ಸಿದ್ಧಪಡಿಸಿದ ಮಹಾಶಯರು ಮೀಟರಿನಲ್ಲಿಯೂ ಬರೆಯಬೇಕೆಂಬ ಶ್ರದ್ಧೆಯಿಂದ, ಮೂವತ್ತು ಅಡಿಗೆ ಒಂಬತ್ತು ಮೀಟರು, ನಲವತ್ತು ಅಡಿಗೆ ಹನ್ನೆರಡು ಮೀಟರೆಂದು ಪುಟ್ಟ ಸಂಖ್ಯೆಗಳನ್ನು ಬರೆದುಬಿಟ್ಟರು. ಸರಿಯಾದ ಲೆಕ್ಕಕ್ಕೆ ಅವು ೯.೧೪೪ ಮತ್ತು ೧೨.೧೯೨. ಅಳಿದುಳಿದ ಭಿನ್ನವನ್ನು ಬಿಟ್ಟದ್ದರಿಂದ ಕಾಗದದ ಮೇಲೆ ಮೂವತ್ತೇಳೂವರೆ ಚದರ ಅಡಿ ಮಾಯವಾಯಿತು. ಮುಂದೆ ಪಕ್ಕದ ನಿವೇಶನದವರು ಕಾಂಪೌಂಡಿಗೆ ಗುಂಡಿ ತೋಡಿದಾಗ, ತಮ್ಮ ಪತ್ರದ ಅಡಿಯ ಲೆಕ್ಕವನ್ನು ಹಿಡಿದು ಅವರು ನಿಂತರು, ಮೀಟರಿನ ಲೆಕ್ಕವನ್ನು ಹಿಡಿದು ಆಚೆಯವರು ನಿಂತರು. ಜಗಳವಾಡಿದ ಅಗಲವು ಒಂದು ಗೇಣಿಗಿಂತ ಕಡಮೆ. ತಿದ್ದುಪಡಿಯ ಪತ್ರವಾಗುವುದಕ್ಕೆ ಹಿಡಿದ ಕಾಲ ಎಂಟು ತಿಂಗಳು. ನಾವು ಆ ಭಾನುವಾರ ಅಲ್ಲಿಗೆ ಹೋದದ್ದು ಅವರ ಮನೆಯ ಗುದ್ದಲಿಪೂಜೆಗೆ.

ಪೂಜೆ ಮುಗಿದ ಮೇಲೆ ಕೆರೆಯನ್ನು ನೋಡಿಬರೋಣವೆಂದು, ಬೆಳಗ್ಗೆ ಕಂಡಿದ್ದ ವೃದ್ಧರನ್ನು ಮತ್ತೆ ಕೇಳಿದೆವು: “ಯಜಮಾನರೇ, ಕೆರೆ ಇಲ್ಲಿಂದ ಎಷ್ಟು ದೂರ?”

“ಎಷ್ಟ್ ದೂರ ಸ್ವಾಮಿ, ಕೂಗಳತೆ. ನಮ್ ಮೊಮ್ಮಗ ಅಲ್ಲೇ ಅವ್ನೆ, ಕರೀತೀನಿ ತಾಳಿ” ಎಂದು ಅವರು ಎದ್ದುನಿಂತು, ಕೈಗಳನ್ನು ಬಾಯಿಗೆ ಬಳಸಿ, ಜೋರಾಗಿ ಒಂದು ಕೂಗು ಹಾಕಿದರು. ಅಷ್ಟರಲ್ಲಿ ರಸ್ತೆಯಲ್ಲಿ ಜಲ್ಲಿ ತುಂಬಿದ ಲಾರಿಯೊಂದು ಹೋಯಿತು. ಅವರು ಮತ್ತೊಂದು ಸಲ ಕೂಗಿ, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಕೊನೆಗೆ ಜೇಬಿನಿಂದ ಫೋನನ್ನು ತೆಗೆದು ಹುಡುಗನನ್ನು ಕರೆದರು.